ಅಜ್ಜಿಯ ನೀಲಿ ಕೈ, ನಮ್ಮ ತಪ್ಪು ಕ್ಯಾಪ್ಷನ್

(ಓದುಗರ ಪತ್ರದ ಸಾರ: ಹಾಸನದ ನಿವೃತ್ತ ಟೀಚರ್ ಒಬ್ರು ಬರೆದಿದಾರೆ. ಯಜಮಾನರ ಜೊತೆ ಗ್ರೂಪ್ ಟೂರಲ್ಲಿ ವಿಯೆಟ್ನಾಂಗೆ ಹೋಗಿದ್ರಂತೆ. ಸಪಾ ಅನ್ನೋ ಬೆಟ್ಟದೂರಲ್ಲಿ ಒಬ್ಬ ಅಜ್ಜಿ ಎರಡು ಗಂಟೆ ಜೊತೆಗೇ ನಡ್ಕೊಂಡು ಬಂದು ಕೊನೆಗೆ ಒಂದು ಕಸೂತಿ ಬ್ಯಾಗ್ ಮಾರಿದ್ರಂತೆ, ಅಜ್ಜಿಯ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿ. ಗೈಡ್ "ಇವರೆಲ್ಲ ಚೀನಾದವರು" ಅಂದ, ಅಜ್ಜಿ "ನೋ ಚೈನಾ, ಹ್ಮಾಂಗ್" ಅಂದ್ರು, ನಮ್ಮ ಪತ್ರಿಕೆಯ ಪ್ರವಾಸ ಲೇಖನದ ಫೋಟೋ ಕೆಳಗೆ "ಮೆಯೊ ಬುಡಕಟ್ಟಿನ ಮಹಿಳೆ" ಅಂತಿತ್ತು, ಯಾವುದು ಸರಿ? ನಮ್ಮ ಲಂಬಾಣಿಗಳಿಗೂ ಇವರಿಗೂ ಸಂಬಂಧ ಇದೆಯಾ? ಅಮೆರಿಕದಲ್ಲಿರೋ ಮಗ ಅಲ್ಲೂ ಇವರಿದಾರೆ ಅಂತಾನೆ, ಬೆಟ್ಟದ ಜನ ಅಲ್ಲಿಗೆ ಹೆಂಗೆ ಹೋದ್ರು? ಇವರ ಮೂಲ ಊರು ಯಾವುದು? ಮತ್ತೆ, ಬ್ಯಾಗ್ ಬಣ್ಣ ಬಿಟ್ಟು ಬಿಳಿ ಸೀರೆ ಹಾಳಾಯ್ತು, ಅಜ್ಜಿ ಮೋಸ ಮಾಡಿದ್ರಾ?)

ಮೇಡಂ, ನಮಸ್ಕಾರ. ಮೊದಲು ತಪ್ಪೊಪ್ಪಿಗೆ. ಅಜ್ಜಿ ಹೇಳಿದ್ದೇ ಸರಿ, ಕ್ಯಾಪ್ಷನ್ ತಪ್ಪು, ಅದನ್ನ ಬರೆದೋನು ನಾನೇ, ಲೇಖಕರದ್ದೇನೂ ತಪ್ಪಿಲ್ಲ. "ಮೆಯೊ" ಅನ್ನೋದು ಹೊರಗಿನವರು ಇಟ್ಟ ಹೆಸರು, ವಿಯೆಟ್ನಾಮಿ ಭಾಷೇಲಿ ಅದೇ ಪದಕ್ಕೆ ಬೆಕ್ಕು ಅಂತಾನೂ ಅರ್ಥ ಇದೆ, ಹಾಗಾಗಿ ಅವರಿಗೆ ಅದು ಬೈಗುಳದ ಹಾಗೇ ಕೇಳ್ಸುತ್ತೆ. ಹಳೇ ಪುಸ್ತಕಗಳಲ್ಲಿ ಇದ್ದದ್ದನ್ನ ಹಂಗೇ ಎತ್ಕೊಂಡು ಹಾಕ್ಬಿಟ್ಟೆ, ಕ್ಷಮೆ ಇರಲಿ. ಅಂದಹಾಗೆ ಹ್ಮಾಂಗ್ ಅಂತ ಹೇಳೋದು ನಮಗೆ ಕಷ್ಟವೇ ಅಲ್ಲ. ಇಂಗ್ಲಿಷಿನವರು ಹ ಬಿಟ್ಟು ಮಾಂಗ್ ಅಂತಾರೆ, ನಾವು ಬ್ರಹ್ಮ ಅಂತ ಬರೆದು ಬ್ರಮ್ಹ ಅಂತ ಓದೋರು, ಆ ಮ್ಹ ಇದೆಯಲ್ಲ, ಉಸಿರು ಬೆರೆತ ಮ, ಹೆಚ್ಚುಕಮ್ಮಿ ಅದೇ ಅವರದ್ದು.

ಗೈಡ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ. ಚೀನಾ ಸರ್ಕಾರದ ಲೆಕ್ಕದಲ್ಲಿ "ಮಿಯಾವ್" ಅಂತ ಒಂದು ಅಧಿಕೃತ ಪಂಗಡ ಇದೆ, 2020ರ ಗಣತಿ ಪ್ರಕಾರ ಸುಮಾರು 1.1 ಕೋಟಿ ಜನ, ಗುಯಿಝೌ, ಹುನಾನ್, ಯುನ್ನಾನ್ ಕಡೆ ಜಾಸ್ತಿ. ಅದರೊಳಗೆ ಹ್ಮಾಂಗ್ ಒಂದು ಭಾಗ ಮಾತ್ರ, ಹ್ಮು, ಶೊಂಗ್ ಅಂತ ಬೇರೆ ಬೇರೆ ಜನಾನೂ ಅದೇ ಹೆಸರಿನ ಕೆಳಗೆ ಬರ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಲ್ಲ. ಅಜ್ಜಿಯ ಮುತ್ತಜ್ಜನೋ ಅವರಜ್ಜನೋ ಚೀನಾ ಗಡಿ ದಾಟಿ ಬಂದಿರಬಹುದು, ಅಷ್ಟಕ್ಕೇ ಅಜ್ಜಿ ಚೀನಾದವರಾಗಿಬಿಡಲ್ಲ ಬಿಡಿ. ವಿಯೆಟ್ನಾಂ ಒಂದರಲ್ಲೇ 2019ರ ಗಣತೀಲಿ ಸುಮಾರು 14 ಲಕ್ಷ ಹ್ಮಾಂಗ್ ಇದ್ರು.

ಯಾಕೆ ಬಂದ್ರು ಅಂದ್ರೆ, ತೆರಿಗೆ, ಸೈನ್ಯ, ಜಮೀನು, ಎಲ್ಲಾ ಕಡೆ ಇರೋ ಕಥೆನೇ. ಮಿಂಗ್ ಅರಸರ ಕಾಲದಲ್ಲಿ ಹುನಾನ್ ಕಡೆ ಮಿಯಾವ್ ಜನರನ್ನ ತಡೆಯೋಕೆ ಅಂತಾನೇ ಒಂದು ಗೋಡೆ ಕಟ್ಟಿದ್ರು, ಫೆಂಗ್‌ಹುವಾಂಗ್ ಅನ್ನೋ ಊರಿನ ಹತ್ರ ಅದರ ತುಂಡುಗಳು ಈಗಲೂ ಇವೆ. ಚೀನಾದ ಅಧಿಕಾರಿಗಳು ಇವರನ್ನ ಎರಡು ಜಾತಿ ಮಾಡಿ ಬರೀತಿದ್ರು, ತೆರಿಗೆ ಕಟ್ಟಿ ಹೇಳಿದ ಮಾತು ಕೇಳ್ಕೊಂಡು ಇರೋರು "ಬೆಂದ ಮಿಯಾವ್", ಬೆಟ್ಟದ ಮೇಲೆ ಯಾರ ಮಾತೂ ಕೇಳದೆ ಇರೋರು "ಹಸಿ ಮಿಯಾವ್". ಅಡುಗೆಮನೆ ಭಾಷೇಲಿ ಒಂದು ಜನಾಂಗವನ್ನ ವರ್ಗೀಕರಣ ಮಾಡಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ. ಆಮೇಲೆ ಬಂದ ಕ್ವಿಂಗ್ ಸಾಮ್ರಾಜ್ಯ 1720ರ ದಶಕದಿಂದ ಸ್ಥಳೀಯ ನಾಯಕರನ್ನ ತೆಗೆದು ತನ್ನ ಅಧಿಕಾರಿಗಳನ್ನ ಕೂರಿಸೋಕೆ ಶುರು ಮಾಡ್ತು, ಅದರ ಹಿಂದೇನೇ ದಂಗೆಗಳು, 1735, 1795, ಮತ್ತೆ 1854ರಿಂದ 1873ರವರೆಗೆ ಸುಮಾರು ಎರಡು ದಶಕ ಹರಿದ ರಕ್ತ. ಆ ಕಾಲದಲ್ಲೇ ಗುಂಪುಗುಂಪಾಗಿ ದಕ್ಷಿಣಕ್ಕೆ ಸರಿದು ಈಗಿನ ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್ ಬೆಟ್ಟಗಳನ್ನ ಸೇರ್ಕೊಂಡ್ರು. ಕಣಿವೆಯ ಭತ್ತದ ಗದ್ದೆಗಳೆಲ್ಲ ಆಗಲೇ ಬೇರೆಯವರ ಕೈಲಿದ್ವು, ಉಳಿದದ್ದು ಬೆಟ್ಟದ ನೆತ್ತಿ. ಅಲ್ಲಿ ಬದುಕೋಕೆ ಆಗಿದ್ದು ಮೆಕ್ಕೆಜೋಳದಿಂದ. ಅಮೆರಿಕ ಖಂಡದಿಂದ ಬಂದ ಬೆಳೆ ಅದು, ಕಲ್ಲು ಸಂದೀಲೂ ಬರುತ್ತೆ. ದುಡ್ಡಿಗೆ ಅಂತ ಗಸಗಸೆ ಗಿಡ, ಅಂದ್ರೆ ಅಫೀಮು.

ಮಂಗೋಲಿಯಾದಿಂದ ಬಂದೋರು ಅಂತಾನೂ ನೆಟ್ಟಲ್ಲಿ ಓಡಾಡ್ತಾ ಇರುತ್ತೆ, ಮಾಂಗ್-ಮಂಗೋಲ್ ಅಂತ ಹೆಸರು ಪ್ರಾಸ ಕೂಡಿದ್ದಕ್ಕೆ. 1924ರಲ್ಲಿ ಸವಿನಾ ಅನ್ನೋ ಫ್ರೆಂಚ್ ಪಾದ್ರಿ ಇವರ ಚರಿತ್ರೆ ಬರೆದಾಗ, ಹಿಮ ತುಂಬಿದ, ಆರು ತಿಂಗಳು ಹಗಲು ಆರು ತಿಂಗಳು ರಾತ್ರಿ ಇರೋ ದೇಶದ ಕಥೆ ಇವರಲ್ಲಿದೆ ಅಂತ ಎತ್ತಿ ಹಿಡಿದು, ಎಲ್ಲೋ ಉತ್ತರದ ಕಡೆಯಿಂದ ಬಂದೋರು ಅಂದ್ಬಿಟ್ರು. ಭಾಷಾಶಾಸ್ತ್ರದವರು ಅದನ್ನ ಒಪ್ಪಲ್ಲ. ಹ್ಮಾಂಗ್-ಮಿಯೆನ್ ಅಂತ ಇವರದ್ದು ಬೇರೇನೇ ಒಂದು ಭಾಷಾ ಕುಟುಂಬ, ಯಾಂಗ್ಟ್ಸಿ ನದಿಯ ಆಚೀಚೆ ಹುಟ್ಟಿದ್ದು ಅಂತ ಬಹಳಷ್ಟು ಜನರ ಅಭಿಪ್ರಾಯ. ಲಂಬಾಣಿ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತೆ: ಲಂಬಾಣಿ ಮಾತು ರಾಜಸ್ಥಾನದ ಭಾಷೆಗಳ ನೆಂಟ, ಇವರದ್ದು ಸ್ವರದ ಏರಿಳಿತದಲ್ಲೇ ಅರ್ಥ ಬದಲಾಗೋ ಭಾಷೆ, ಸಂಬಂಧ ಇಲ್ಲ. ಕಸೂತಿನೂ ಹತ್ರದಿಂದ ನೋಡಿದ್ರೆ ಬೇರೆನೇ, ಲಂಬಾಣಿಯಲ್ಲಿ ಕನ್ನಡಿ, ಕವಡೆ ಇರುತ್ತೆ, ಹ್ಮಾಂಗ್ ಹೆಂಗಸರು ಮೇಲಿನ ಬಟ್ಟೆ ಕತ್ತರಿಸಿ ಅಂಚು ಮಡಚಿ ಹೊಲಿದು ಕೆಳಗಿನ ಬಣ್ಣ ಇಣುಕೋ ಹಾಗೆ ಮಾಡ್ತಾರೆ. ನಿಮ್ಮ ಬ್ಯಾಗಲ್ಲಿ ಸುರುಳಿ ಸುರುಳಿ ಚಿತ್ರ ಇದೆ ಅಂದ್ರಲ್ಲ, ಅದು ಬಸವನಹುಳು. ಆದ್ರೆ ಒಂದು ವಿಷಯದಲ್ಲಿ ನಮ್ಮೋರ ಹಾಗೇನೇ, ಒಂದೇ ಕುಲದವರು ಮದುವೆ ಆಗೋ ಹಾಗಿಲ್ಲ. ವಾಂಗ್, ಯಾಂಗ್, ಶಿಯಾಂಗ್, ಲೀ, ಮೊವಾ ಹೀಗೆ ಸುಮಾರು 18 ಕುಲ ಅಂತ ಲೆಕ್ಕ ಹೇಳ್ತಾರೆ, ಹುಡುಗ ಹುಡುಗಿ ಬೇರೆ ಬೇರೆ ದೇಶದಲ್ಲಿ ಹುಟ್ಟಿ ಬೆಳೆದಿದ್ರೂ ಇಬ್ಬರೂ ಯಾಂಗ್ ಆದ್ರೆ ಮುಗೀತು, ಅಣ್ಣ-ತಂಗಿ.

ಈಗ ಅಮೆರಿಕದ ಕಥೆ, ಇದು ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳಿ.

2019ರಲ್ಲಿ ತಂಗಿ ಮನೆಗೆ ಅಂತ ಮಿನ್ನೆಸೋಟಾಗೆ ಹೋಗಿದ್ದೆ. ಶನಿವಾರ ಬೆಳಿಗ್ಗೆ ಸೇಂಟ್ ಪಾಲ್ ಊರಿನ ರೈತರ ಸಂತೆಗೆ ಕರ್ಕೊಂಡ್ ಹೋದ್ಲು, ಹಾಗಲಕಾಯಿ, ಮೊಳದುದ್ದದ ಅಲಸಂದೆ, ಕೊತ್ತಂಬರಿ, ಖಾರದ ಸಣ್ಣ ಮೆಣಸಿನಕಾಯಿ, ಮಾರೋರಲ್ಲಿ ಎಷ್ಟೋ ಜನ ಹ್ಮಾಂಗ್ ಅಜ್ಜ-ಅಜ್ಜಿಯರು. ಅಲ್ಲಿನ ಕನ್ನಡದವರ ಮನೆ ಹಾಗಲಕಾಯಿ ಗೊಜ್ಜಿಗೆ ಇವರೇ ಆಧಾರ ಅಂತ ತಂಗಿ ನಗ್ತಿದ್ಲು. ಅಲ್ಲಿಂದ ಹ್ಮಾಂಗ್ ಮಾರ್ಕೆಟ್‌ಗೆ ಹೋದ್ವಿ, ಒರಳಲ್ಲಿ ಹಸಿ ಪರಂಗಿಕಾಯಿ ಕುಟ್ಟೋ ಸದ್ದು, ಆ ಸದ್ದಿನ ಪಕ್ಕದಲ್ಲೇ ಒಂದು ಅಂಗಡೀಲಿ ಗೋಡೆಗೆ ಒಂದು ಬಟ್ಟೆ ನೇತುಹಾಕಿದ್ರು, ಬೆಡ್‌ಶೀಟಿನ ಅರ್ಧದಷ್ಟು, ಹತ್ತಿರ ಹೋಗಿ ನೋಡಿದ್ರೆ ಎಲ್ಲಾ ದಾರದಲ್ಲಿ ಹೊಲಿದ ಪುಟ್ಟ ಪುಟ್ಟ ಮನುಷ್ಯರು. ಮೇಲೆ ಒಂದು ಮೂಲೇಲಿ ಬೆನ್ನ ಮೇಲೆ ಬುಟ್ಟಿ ಹೊತ್ಕೊಂಡು ಇಳಿದು ಬರ್ತಿರೋ ಸಾಲು. ಮಧ್ಯದಲ್ಲಿ ಜೋಳದ ಹೊಲ, ಹಂದಿ, ಕೋಳಿ. ಅದರ ಮೇಲೇನೇ ವಿಮಾನ, ವಿಮಾನದಿಂದ ಕಪ್ಪು ದಾರದ ಗಂಟುಗಳು ಉದುರ್ತಾ ಇವೆ. ಕೆಳಗೆ ನೀಲಿ ಪಟ್ಟಿ ಒಂದು ನದಿ, ನದೀಲಿ ಬಿದಿರಿನ ಕಟ್ಟು ಹಿಡ್ಕೊಂಡು ತೇಲ್ತಿರೋರು, ದಡದಲ್ಲಿ ಹಸಿರು ಬಟ್ಟೆಯವರು ಬಂದೂಕು ಗುರಿ ಇಟ್ಟಿದಾರೆ. ಬೆಲೆ ಕೇಳೋಕೆ ಬಾಯಿ ಬರ್ಲಿಲ್ಲ.

ಬಟ್ಟೆಯ ಆ ಮಧ್ಯಭಾಗ ಲಾವೋಸ್. ಫ್ರೆಂಚರು ಆಳ್ತಿದ್ದಾಗ ತೆರಿಗೆ ಕಾಟಕ್ಕೆ 1918ರಲ್ಲಿ ಪಾ ಚಾಯ್ ಅನ್ನೋನ ಹಿಂದೆ ಇವರು ದಂಗೆ ಎದ್ದು 1921ರವರೆಗೆ ಕಾದಾಡಿದ್ರು, ಫ್ರೆಂಚರು ಅದಕ್ಕೆ "ಹುಚ್ಚನ ಯುದ್ಧ" ಅಂತ ಹೆಸರಿಟ್ಟು ಕೈತೊಳ್ಕೊಂಡ್ರು. ಆಮೇಲೆ ನೋಂಗ್ ಹೆಟ್ ಅನ್ನೋ ಸೀಮೆಯ ನಾಯಕತ್ವಕ್ಕೆ ಎರಡು ಮನೆತನ ಜಗಳ ಆಡಿದ್ವು, ಶಾನುಭೋಗಿಕೆಗೋ ಪಟೇಲಿಕೆಗೋ ನಮ್ಮೂರುಗಳಲ್ಲಿ ಆಗ್ತಿತ್ತಲ್ಲ ಹಂಗೆ, ಆದ್ರೆ ಇಲ್ಲಿ ಅದು ದೇಶದ ಯುದ್ಧಕ್ಕೇ ಹೊಂದ್ಕೊಂಡ್ಬಿಡ್ತು. ತೌಬಿ ಲಿಫೌಂಗ್ ಫ್ರೆಂಚರ, ರಾಜಮನೆತನದ ಕಡೆ, ಫೈಡಾಂಗ್ ಕಮ್ಯುನಿಸ್ಟರ ಕಡೆ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಹ್ಮಾಂಗ್ ಅಂದ್ರೆ ಅಮೆರಿಕದ ನಿಷ್ಠಾವಂತ ಸೈನಿಕರು ಅಂತ ಎಲ್ಲಾ ಕಡೆ ಬರೀತಾರೆ, ಕಮ್ಯುನಿಸ್ಟರ ಕಡೆಯಿಂದ ಹೋರಾಡಿದ ಹ್ಮಾಂಗರೂ ಬೇಕಾದಷ್ಟು ಜನ ಇದ್ರು.

1961ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಬಿಲ್ ಲೇರ್ ಅನ್ನೋನು ಲಾವೋಸ್ ಸೈನ್ಯದಲ್ಲಿದ್ದ ವಾಂಗ್ ಪಾವೊ ಅನ್ನೋ ಹ್ಮಾಂಗ್ ಅಧಿಕಾರೀನ ಭೇಟಿ ಮಾಡ್ದ. 1962ರಲ್ಲಿ ಜಿನೀವಾದಲ್ಲಿ ಕೂತು ಲಾವೋಸ್ ತಟಸ್ಥ ದೇಶ, ಹೊರಗಿನ ಸೈನ್ಯ ಇರಬಾರದು ಅಂತ ಎಲ್ರೂ ಸೈನ್ ಹಾಕಿದ್ರು, ಉತ್ತರ ವಿಯೆಟ್ನಾಂ ತನ್ನ ಸೈನ್ಯ ತೆಗೀಲಿಲ್ಲ, ಅಮೆರಿಕ ತನ್ನ ಸೈನ್ಯ ತೋರಿಸ್ದೆ ಹ್ಮಾಂಗ್ ಹುಡುಗರ ಕೈಗೆ ಬಂದೂಕು ಕೊಡ್ತು. ಲಾಂಗ್ ಟಿಯೆಂಗ್ ಅಂತ ಬೆಟ್ಟಗಳ ಮಧ್ಯೆ ಒಂದು ರಹಸ್ಯ ಏರ್‌ಸ್ಟ್ರಿಪ್, ಹತ್ತಾರು ಸಾವಿರ ಜನ ಇರೋ ಊರೇ ಆಯ್ತು, ಮ್ಯಾಪಲ್ಲಿ ಮಾತ್ರ ಇರ್ಲಿಲ್ಲ. ಗಂಡಸರೆಲ್ಲ ಯುದ್ಧಕ್ಕೆ ಹೋದ್ಮೇಲೆ ಹೊಲ ಮಾಡೋರಿಲ್ಲ, ಅಕ್ಕಿ ಮೂಟೆ ವಿಮಾನದಿಂದ ಬೀಳ್ಬೇಕು, ಹಾಗಾಗಿ ಯುದ್ಧ ಬಿಡೋಕೂ ಆಗಲ್ಲ, ಬಿಟ್ರೆ ಊಟ ಇಲ್ಲ. ದೊಡ್ಡೋರು ಸತ್ತ ಹಾಗೆ ಹದಿಮೂರು ಹದಿನಾಲ್ಕರ ಹುಡುಗರನ್ನೂ ಎಳ್ಕೊಂಡ್ರು. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ ಹಾಕಿದ್ದು 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬು. ಸಿಡಿಯದೆ ಉಳಿದದ್ದು ಇವತ್ತಿಗೂ ಹೊಲ ಉಳೋರ ಕೈಕಾಲು ತೆಗೀತಿದೆ.

1975ರ ಮೇ ತಿಂಗಳಲ್ಲಿ, ಕಮ್ಯುನಿಸ್ಟರ ಕೈ ಮೇಲಾದಾಗ, ವಾಂಗ್ ಪಾವೊನನ್ನೂ ಎರಡು ಮೂರು ಸಾವಿರ ಜನರನ್ನೂ ವಿಮಾನದಲ್ಲಿ ಥಾಯ್ಲೆಂಡಿಗೆ ಸಾಗಿಸಿದ್ರು. ಉಳಿದೋರು ರನ್‌ವೇಲಿ ಇನ್ನೊಂದು ವಿಮಾನ ಬರುತ್ತೆ ಅಂತ ಕಾದ್ರು, ಬರ್ಲಿಲ್ಲ. ಆಮೇಲೆ ಕಾಡಲ್ಲಿ ನಡ್ಕೊಂಡು ಮೆಕಾಂಗ್ ನದಿ ದಾಟಿದ್ದು, ಬಟ್ಟೆಯ ಆ ನೀಲಿ ಪಟ್ಟಿ ಅದೇ. ಮಕ್ಕಳು ಅತ್ತರೆ ಸೈನಿಕರಿಗೆ ಕೇಳ್ಸುತ್ತೆ ಅಂತ ಚೂರು ಅಫೀಮು ತಿನ್ನಿಸ್ತಿದ್ರು, ಕೆಲವು ಮಕ್ಕಳು ಏಳ್ಲೇ ಇಲ್ಲ.

ನದಿ ಆಚೆ ಬಾನ್ ವಿನಾಯ್ ಅಂತ ಕ್ಯಾಂಪ್, 1992ರವರೆಗೂ ಇತ್ತು. ಆ ಕಥೆ ಹೇಳೋ ಬಟ್ಟೆಗಳು ಹುಟ್ಟಿದ್ದೂ ಅಂಥ ಕ್ಯಾಂಪುಗಳಲ್ಲೇ, ಹೊಲ ಇಲ್ಲ, ಕೆಲಸ ಇಲ್ಲ, ಸೂಜಿ ಇದೆ, ವಿದೇಶದವರು ಕೊಳ್ತಾರೆ ಅಂತ. ನನಗೆ ಪುರಾತನ ಕಲೆ ಥರ ಕಂಡಿದ್ದು ನೋಡಿದ್ರೆ ನನಗಿಂತ ಚಿಕ್ಕದು. ಅಲ್ಲಿಂದ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾ, ಕೆನಡಾ. ಅಮೆರಿಕ ಸರ್ಕಾರ ಮೊದಲು ಇವರನ್ನ ಚೆಲ್ಲಾಪಿಲ್ಲಿ ಮಾಡಿ ಊರಿಗೊಂದು ಮನೆ ಅನ್ನೋ ಹಾಗೆ ಇಟ್ಟಿತ್ತು, ಅವರು ಕುಲದವರನ್ನ ಹುಡುಕ್ಕೊಂಡು ತಾವೇ ಫ್ರೆಸ್ನೊ, ಸೇಂಟ್ ಪಾಲ್, ವಿಸ್ಕಾನ್ಸಿನ್‌ಗೆ ಬಂದು ಸೇರಿದ್ರು, ಈಗ 3 ಲಕ್ಷದ ಮೇಲಿದಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಆಲ್‌ರೌಂಡ್ ಚಿನ್ನ ಗೆದ್ದ ಸುನಿ ಲೀ ಸೇಂಟ್ ಪಾಲ್‌ನ ಹ್ಮಾಂಗ್ ಹುಡುಗಿನೇ. ನನಗೆ ಇಷ್ಟವಾದ ಕಥೆ ಬೇರೆ: 1977ರಲ್ಲಿ ಒಂದಿಷ್ಟು ಜನರನ್ನ ಫ್ರಾನ್ಸ್ ತಗೊಂಡು ಹೋಗಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಕಾಡಲ್ಲಿ, ಕಕಾವೋ ಅನ್ನೋ ಜಾಗದಲ್ಲಿ ಬಿಡ್ತು. ಅಲ್ಲಿನವರು ಇವರು ಬೇಡ ಅಂತ ಗಲಾಟೆ ಮಾಡಿದ್ರು, ಇವತ್ತು ಆ ಸೀಮೆಯ ಹಣ್ಣು-ತರಕಾರಿಯ ಬಹುಪಾಲು ಇದೇ ಹ್ಮಾಂಗ್ ಹೊಲಗಳದ್ದು.

ಎಲ್ಲರಿಗೂ ಹೀಗೆ ಕೂಡಿ ಬರ್ಲಿಲ್ಲ. 2009ರ ಡಿಸೆಂಬರಲ್ಲೂ ಥಾಯ್ಲೆಂಡ್ 4,000ಕ್ಕೂ ಹೆಚ್ಚು ಜನರನ್ನ ಬಲವಂತವಾಗಿ ಲಾವೋಸ್‌ಗೆ ವಾಪಸ್ ಕಳಿಸ್ತು.

ಮೂಲ ಊರು ಯಾವುದು ಅನ್ನೋ ಪ್ರಶ್ನೆ ಬಾಕಿ ಇದೆ. ಹ್ಮಾಂಗ್ ಪದ್ಧತೀಲಿ ಮಗು ಹುಟ್ಟಿದಾಗ ಮಾಸು, ಅಂದ್ರೆ ಹೆರಿಗೆ ಆದ್ಮೇಲೆ ಬೀಳೋ ಕಸ, ಮನೆಯೊಳಗೇ ಹೂಳ್ತಾರೆ, ಗಂಡಾದ್ರೆ ಮನೆಯ ನಡುಗಂಬದ ಬುಡದಲ್ಲಿ, ಹೆಣ್ಣಾದ್ರೆ ಅಪ್ಪ-ಅಮ್ಮನ ಮಂಚದ ಕೆಳಗೆ. ಅದು ಮನುಷ್ಯನ ಮೊದಲ ಅಂಗಿ ಅಂತೆ. ಸತ್ತಾಗ ಒಬ್ಬ ಹಿರಿಯ ಕೂತು "ದಾರಿ ತೋರಿಸೋ ಹಾಡು" ಹಾಡ್ತಾನೆ, ಗಂಟೆಗಟ್ಟಲೆ. ಸತ್ತವರ ಜೀವಕ್ಕೆ ಹೇಳ್ತಾ ಹೋಗ್ತಾನೆ, ಈ ಊರಲ್ಲಿದ್ದೆ, ಇಲ್ಲಿ ಕುಡಿದ ನೀರಿಗೆ, ಉರಿಸಿದ ಸೌದೆಗೆ ಈ ನೆಲದ ದೈವಕ್ಕೆ ಋಣ ಕಟ್ಟು, ಈಗ ಇದಕ್ಕಿಂತ ಹಿಂದಿನ ಊರಿಗೆ ನಡಿ. ಹಾಗೆ ಒಂದೊಂದೇ ಊರು ಹಿಂದಕ್ಕೆ, ಸೇಂಟ್ ಪಾಲಿಂದ ಬಾನ್ ವಿನಾಯ್, ಅಲ್ಲಿಂದ ನದಿ ದಾಟಿ ಲಾವೋಸಿನ ಹಳ್ಳಿ, ಹುಟ್ಟಿದ ಮನೆ, ಅಲ್ಲಿ ಆ ಅಂಗಿ ಹಾಕ್ಕೊಂಡು ಪೂರ್ವಜರ ಹತ್ರ. ಯಾವ ಊರನ್ನೂ ಬಿಡೋ ಹಾಗಿಲ್ಲ, ಬಿಟ್ರೆ ಜೀವ ದಾರಿ ತಪ್ಪುತ್ತೆ. ಶತಮಾನಗಟ್ಟಲೆ ಬಹುಪಾಲು ಜನ ಬರಹ ಇಲ್ದೇ ಬದುಕಿದ್ರು, ಇವತ್ತು ಬಳಸೋ ರೋಮನ್ ಲಿಪಿ 1950ರ ದಶಕದ ಶುರುವಿನಲ್ಲಿ ಪಾದ್ರಿಗಳು ಮಾಡಿಕೊಟ್ಟದ್ದು, ಅದಾದ್ಮೇಲೆ 1959ರಲ್ಲಿ ಓದು-ಬರಹ ಬಾರದ ಶಾಂಗ್ ಲು ಯಾಂಗ್ ಅನ್ನೋ ರೈತ ತಾನೇ ಒಂದು ಲಿಪಿ ಕಟ್ಟಿದ, ಅಷ್ಟೇ. ಅಂಥವರ ವಲಸೆ ದಾಖಲೆ ಹೀಗೆ ಸಾವಿನ ಮನೇಲಿ, ಹಿಂದುಮುಂದಾಗಿ, ಬಾಯಲ್ಲೇ ಇದೆ. ಅಮೆರಿಕದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಂಗಿ ಎಲ್ಲಿದೆ ಅಂತ ನಾನು ಆ ಅಂಗಡಿಯವರನ್ನ ಕೇಳ್ದೆ. "ಕೆಲವರು ಕೇಳಿ ಮನೆಗೆ ತರ್ತಾರೆ, ಫ್ರಿಜ್ಜಲ್ಲಿಟ್ಟು ಆಮೇಲೆ ಹೂಳ್ತಾರೆ, ನನ್ನ ಮಕ್ಕಳದ್ದು ಆಸ್ಪತ್ರೆಯವರೇ ಎಸೆದ್ರು" ಅಂದು ಗಿರಾಕಿ ಕಡೆ ತಿರುಗಿದ್ರು.

ಇನ್ನು ಬ್ಯಾಗು. ಮೋಸ ಅಲ್ಲ ಮೇಡಂ, ಅಸಲಿ ನೀಲಿನೂ ಹೀಗೇ ಬಣ್ಣ ಬಿಡುತ್ತೆ. ಸಪಾ ಕಡೆ ನೀಲಿ ತೆಗೆಯೋ ಗಿಡ ನಮ್ಮ ಮುಳ್ಳಯ್ಯನಗಿರಿ ಕಡೆ ಅರಳೋ ಕುರಿಂಜಿಯ ದಾಯಾದಿ. ಸೊಪ್ಪನ್ನ ಪೀಪಾಯೀಲಿ ಕೊಳೆಹಾಕಿ ಸುಣ್ಣ ಬೆರೆಸಿ ಬಟ್ಟೆಯನ್ನ ದಿನಗಟ್ಟಲೆ ಅದ್ದಿ ಒಣಗಿಸಿ ಮತ್ತೆ ಅದ್ದಿ, ಹಂಗೇ ಕೈಯೂ ನೀಲಿ ಆಗೋದು. ಈ ಬಣ್ಣ ನೂಲಿನೊಳಗೆ ಪೂರ್ತಿ ಇಳಿಯಲ್ಲ, ಮೇಲೆ ಕೂತಿರುತ್ತೆ, ಉಜ್ಜಿದ್ರೆ ಬರುತ್ತೆ, ಹೊಸ ಜೀನ್ಸ್ ಹಾಕ್ಕೊಂಡು ಬಿಳಿ ಸೋಫಾ ಮೇಲೆ ಕೂತಾಗ ಆಗೋದೂ ಇದೇ. ತಣ್ಣೀರಲ್ಲಿ ಅದೊಂದನ್ನೇ ಬೇರೆಯಾಗಿ ಒಗೀರಿ, ನೀರು ತಿಳಿಯಾಗೋವರೆಗೆ ನಾಲ್ಕೈದು ಸಲ ಜಾಲಾಡಿ, ನೆರಳಲ್ಲಿ ಒಣಗಿಸಿ. ಸೀರೆಗೆ ಮಾತ್ರ ನನ್ನ ಹತ್ರ ಉಪಾಯ ಇಲ್ಲ, ಪೂರ್ತಿ ನೀಲಿಗೇ ಅದ್ದಿಸಿಬಿಡಿ.

— ಸಂ.