ಡ್ಯಾಶ್ ಗೆರೆಯನ್ನು ಮಷೀನ್ ಪೂರ್ತಿ ಸೀಳುತ್ತಿದ್ದರೆ

ಕಾಗದದ ಡಬ್ಬಿಯ ಮಡಿಕೆಗೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಹಾಕಿದ ಡ್ಯಾಶ್ ಗೆರೆ ಪರದೆಯಲ್ಲಿ ಸರಿಯಾಗಿ ಕಾಣುತ್ತೆ, ಕಾಗದ ಕತ್ತರಿಸುವ ಮಷೀನ್ ಮಾತ್ರ ಉದ್ದಕ್ಕೂ ಸೀಳಿಬಿಡುತ್ತೆ ಅಂತ ಕೇಳಿದ್ದೀರಿ. ಮಷೀನಿನದಾಗಲಿ ಬ್ಲೇಡಿನದಾಗಲಿ ತಪ್ಪಿಲ್ಲ. ಸ್ಟ್ರೋಕ್ ಸ್ಟೈಲ್‌ನಲ್ಲಿ (ಗೆರೆಯ ರೂಪ ಆರಿಸುವ ಕಡೆ) ಆರಿಸುವ ಡ್ಯಾಶ್ ಬರೀ ತೋರಿಕೆ, ಅದರಡಿ ಇರುವ ಪಾತ್, ಅಂದರೆ ಬ್ಲೇಡ್ ಹಿಂಬಾಲಿಸುವ ದಾರಿ, ಒಂದೇ ಅಖಂಡ ಗೆರೆ. ವ್ಯೂ ಮೆನುವಿನ ಡಿಸ್‌ಪ್ಲೇ ಮೋಡ್‌ನಲ್ಲಿ ಔಟ್‌ಲೈನ್ ಆರಿಸಿ ನೋಡಿ, ಮಷೀನ್ ಓದುವುದು ನಿಮ್ಮ ಕಣ್ಣಿಗೇ ಕಾಣುತ್ತೆ.

ಮೊದಲು ಚಿತ್ರವನ್ನು ಅಂತಿಮ ಅಳತೆಗೆ ತನ್ನಿ, ಆಮೇಲೆ ಹಿಗ್ಗಿಸಿದರೆ ಡ್ಯಾಶ್ ಕೂಡ ಹಿಗ್ಗುತ್ತೆ. ಗ್ರೂಪ್ ಬಿಚ್ಚಿ, ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಕೊಡಿ. ಸ್ಟ್ರೋಕ್ ದಪ್ಪ 1 ಮಿ.ಮೀ. ಇಡಿ. ಡ್ಯಾಶ್‌ಗೆ ಬರೆಯುವ ಸಂಖ್ಯೆ ಆ ದಪ್ಪದ ಎಷ್ಟು ಪಟ್ಟು ಅನ್ನುವ ಲೆಕ್ಕ, ಹಾಗಾಗಿ 3 2 ಅಂದರೆ 3 ಮಿ.ಮೀ. ಕಡಿತ, 2 ಮಿ.ಮೀ. ಬಿಡುವು. ತುದಿಗೆ ಬಟ್ ಕ್ಯಾಪ್ (ಚಪ್ಪಟೆ ತುದಿ) ಇರಲಿ. ರೌಂಡ್ ಕ್ಯಾಪ್‌ನಲ್ಲಿ ಪ್ರತಿ ಡ್ಯಾಶ್ ನಿಜಕ್ಕಿಂತ 1 ಮಿ.ಮೀ. ಉದ್ದ ಕಂಡು ಲೆಕ್ಕ ತಪ್ಪಿಸುತ್ತೆ. ಈಗ ಎಕ್ಸ್‌ಟೆನ್ಷನ್ಸ್‌ನ ಮಾಡಿಫೈ ಪಾತ್ ಒಳಗಿನ ಕನ್ವರ್ಟ್ ಟು ಡ್ಯಾಶಸ್ ಒತ್ತಿ, ಔಟ್‌ಲೈನ್‌ನಲ್ಲಿ ಮತ್ತೆ ನೋಡಿ. ಗೆರೆ ತುಂಡುತುಂಡಾಗಿ ಕಂಡರೆ ಕೆಲಸ ಆಯ್ತು. ಸ್ಟ್ರೋಕ್ ಟು ಪಾತ್ ಮಾತ್ರ ಬೇಡವೇ ಬೇಡ, ಅದು ಪ್ರತಿ ಡ್ಯಾಶಿನ ಸುತ್ತಲೂ ಗೆರೆ ಎಳೆದು ಕಾಗದದಲ್ಲಿ ಪುಟ್ಟ ಕಿಟಕಿಗಳನ್ನು ಕೊರೆಸುತ್ತೆ.

ಮಡಿಕೆಯ ಕಡಿತ ಅಂಚಿಗೆ ತಾಗಿದರೆ ಕಾಗದ ಅಲ್ಲಿಂದಲೇ ಹರಿಯಲು ಶುರುವಾಗುತ್ತೆ. ಎರಡೂ ತುದಿಯಲ್ಲಿ 1 ಮಿ.ಮೀ. ಬಿಡಿ. 100 ಮಿ.ಮೀ. ಮಡಿಕೆಗೆ 98 ಮಿ.ಮೀ. ಗೆರೆ ಎಳೆದರೆ 20 ಡ್ಯಾಶ್, 19 ಬಿಡುವು ಸರಿಯಾಗಿ ಕೂರುತ್ತವೆ. ಹರಿದು ತೆಗೆಯುವ ಕೂಪನ್‌ಗೆ ಇದರ ತದ್ವಿರುದ್ಧ, ಡ್ಯಾಶ್ ಅಂಚಿನವರೆಗೂ ಬರಲೇಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ತಪ್ಪು ಇನ್ನೊಂದಿದೆ. ಅಕ್ಕಪಕ್ಕದ ಎರಡು ಚೌಕಗಳಿಂದ ಡಬ್ಬಿ ಬರೆದಿದ್ದರೆ ನಡುವಿನ ಗೆರೆ ಎರಡು ಬಾರಿ ಇರುತ್ತೆ. ಒಂದರ ಡ್ಯಾಶ್ ಇನ್ನೊಂದರ ಬಿಡುವಿನ ಮೇಲೆ ಕೂತರೆ ಮಡಿಕೆ ಅಲ್ಲೇ ತುಂಡಾಗುತ್ತೆ. ಅಂಥ ಗೆರೆ ಒಂದೇ ಉಳಿಯುವಂತೆ ಪರಿವರ್ತನೆಗೆ ಮುಂಚೆಯೇ ಅಳಿಸಿ.

ಡ್ಯಾಶ್ 1 ಮಿ.ಮೀ.ಗಿಂತ ಚಿಕ್ಕದಾಗಬಾರದು. ಎಳೆದು ಕತ್ತರಿಸುವ ಬ್ಲೇಡಿನ ಮೊನೆ ಅದು ತಿರುಗುವ ಅಕ್ಷದಿಂದ ತುಸು ಹಿಂದಿರುತ್ತೆ. ದಿಕ್ಕಿಗೆ ತಿರುಗಿಕೊಳ್ಳುವಷ್ಟರಲ್ಲಿ ಡ್ಯಾಶೇ ಮುಗಿದು ಕಾಗದ ಕಿತ್ತುಬರುತ್ತೆ. ಬಾಗಿದ ಗೆರೆಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಫೈಲನ್ನು ಮಷೀನಿನ ಕಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದ ಮೇಲೆ 100 ಮಿ.ಮೀ. ಗೆರೆ 133 ಆಗಿದ್ದರೆ, ಇಂಚಿಗೆ 96 ಪಿಕ್ಸೆಲ್ ಇರುವುದನ್ನು ಕಟಿಂಗ್ ಸಾಫ್ಟ್‌ವೇರ್ 72 ಅಂತ ಓದಿದೆ ಅಂತ ಅರ್ಥ. ಅಲ್ಲಿ 75 ಪ್ರತಿಶತಕ್ಕೆ ಇಳಿಸಿ. ಮಡಿಕೆಗಳಿಗೆ ಬೇರೆ ಬಣ್ಣ ಕೊಟ್ಟು ಅವನ್ನೇ ಮೊದಲು ಕತ್ತರಿಸಿ, ಹೊರಗೆರೆ ಕೊನೆಗೆ. ಹೊರಗೆರೆ ಮೊದಲೇ ಬಿಡಿಸಿಕೊಂಡರೆ ಹಾಳೆ ಮ್ಯಾಟ್ ಮೇಲೆ ಕೂದಲೆಳೆಯಷ್ಟು ಜರುಗಿದರೂ ಮಡಿಕೆ ಓರೆಯಾಗುತ್ತೆ.