ಜ್ವಾಲಾಮುಖಿ ಇರುವಾಗ ನಮ್ಮನ್ನೇಕೆ ದೂರುತ್ತೀರಿ?

ಪ್ರಶ್ನೆ: ಸರ್, ಒಂದು ಜ್ವಾಲಾಮುಖಿ ಸಿಡಿದರೆ ನಮ್ಮ ಗಾಡಿ, ಕಾರ್ಖಾನೆ ಎಲ್ಲ ಸೇರಿ ವರ್ಷವಿಡೀ ಬಿಡುವ ಹೊಗೆಗಿಂತ ಜಾಸ್ತಿ ಬರುತ್ತದಂತೆ. ಹಿಂದೆ ಹಿಮಯುಗವೂ ಬಂದು ಹೋಗಿದೆ. ಭೂಮಿ ಬಿಸಿಯಾದರೆ ಮನುಷ್ಯರನ್ನೇ ದೂರುವುದು ಸರೀನಾ?
– ಓದುಗರೊಬ್ಬರು, ಸಾಗರ

ಉತ್ತರ: ಈ ವಾಟ್ಸಾಪ್ ಸಂದೇಶ ನನಗೂ ಬಂದಿತ್ತು! ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತೇವೆ. ಭೂಮಿಯ ಕಾವನ್ನು ಹಿಡಿದಿಡುವ ಅನಿಲ ಇದು. ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿದರೂ ಅದರಲ್ಲಿ ನೂರಕ್ಕೆ ಒಂದು ಪಾಲು ಬಿಡುವುದಿಲ್ಲ.

ತಮಾಷೆಯೆಂದರೆ, ದೊಡ್ಡ ಜ್ವಾಲಾಮುಖಿ ಸಿಡಿದರೆ ಭೂಮಿ ಕೆಲಕಾಲ ತಂಪಾಗುತ್ತದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಸಿಡಿದಾಗ ಗಂಧಕದ ಅನಿಲ ಬಹಳ ಮೇಲಕ್ಕೆ ಹೋಗಿ, ಸಣ್ಣ ಹನಿಗಳಾಗಿ, ಬಿಸಿಲಿಗೆ ಪರದೆ ಕಟ್ಟಿತು. ಜಗತ್ತಿನ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು. ಒಂದೆರಡು ವರ್ಷದಲ್ಲಿ ಪರದೆ ಕರಗಿತು, ಕಾವು ಮತ್ತೆ ಏರಿತು.

ಹಿಮಯುಗದ ಮಾತು ನಿಜ. ಭೂಮಿಯ ಕಕ್ಷೆ, ವಾಲಿಕೆ ಬದಲಾಗುತ್ತಿರುತ್ತವೆ. ಆದರೆ ಅದಕ್ಕೆ ಹತ್ತಾರು ಸಾವಿರ ವರ್ಷ ಬೇಕು. ನಮ್ಮಜ್ಜನ ಕಾಲದಿಂದ ಈಚೆಗೆ ಏರಿದ ಬಿಸಿಯನ್ನು ಅದರ ತಲೆಗೆ ಕಟ್ಟಲಾಗದು. ಸೂರ್ಯನ ಮೇಲೂ ಹಾಕುವ ಹಾಗಿಲ್ಲ. 1978ರಿಂದ ಉಪಗ್ರಹಗಳು ಅಳೆಯುತ್ತಿವೆ, 11 ವರ್ಷಕ್ಕೊಮ್ಮೆ ಕೊಂಚ ಏರಿಳಿತ ಬಿಟ್ಟರೆ ಬಿಸಿಲೇನೂ ಹೆಚ್ಚಿಲ್ಲ.

ಹೊಗೆ ನಮ್ಮದೇ ಅಂತ ಹೇಗೆ ಗೊತ್ತು ಅಂತೀರಾ? ಇಂಗಾಲದಲ್ಲಿ ಹಗುರದ್ದು, ಭಾರದ್ದು ಅಂತ ಎರಡು ಬಗೆ ಇದೆ. ಗಿಡಗಳಿಗೆ ಹಗುರದ್ದೇ ಇಷ್ಟ. ಕಲ್ಲಿದ್ದಲು ಅಂದರೆ ಹಳೇ ಕಾಲದ ಗಿಡಮರವೇ ಅಲ್ವಾ, ಹಾಗಾಗಿ ಅದರ ಹೊಗೆಯಲ್ಲೂ ಭಾರದ್ದು ಕಡಿಮೆ. ಜ್ವಾಲಾಮುಖಿಯ ಅನಿಲ ಅಷ್ಟು ಹಗುರವಲ್ಲ. ಗಾಳಿಯಲ್ಲಿರುವ ಇಂಗಾಲ ವರ್ಷ ವರ್ಷ ಹಗುರಾಗುತ್ತಿದೆ.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು 1958ರಿಂದ ಅಳೆಯುತ್ತಿರುವುದು ಹವಾಯಿಯ ಮೌನಾ ಲೋವಾದಲ್ಲಿ. ಅದೂ ಜ್ವಾಲಾಮುಖಿಯೇ! ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಇತ್ತು, ಈಗ 420 ದಾಟಿದೆ. ಬೆಟ್ಟದ ಬಾಯಿಯ ಕಡೆಯಿಂದ ಗಾಳಿ ಬೀಸಿದಾಗ ಸಿಗುವ ಅಂಕಿಗಳನ್ನು ಬಿಟ್ಟುಬಿಡುತ್ತಾರೆ. 2022ರ ನವೆಂಬರ್‌ನಲ್ಲಿ ಅದು ಸಿಡಿದು, ಲಾವಾ ಹರಿದು, ಕೇಂದ್ರದ ರಸ್ತೆ, ಕರೆಂಟು ಎರಡೂ ಕಡಿದವು. ಆಮೇಲೆ ಪಕ್ಕದ ಮೌನಾ ಕಿಯಾ ಬೆಟ್ಟದ ಮೇಲೆ ಅಳೆದರು. ಅಲ್ಲೂ ಅಂಕಿ ಏರುತ್ತಲೇ ಇತ್ತು.