ಸಂಪಾದಕರ ಉತ್ತರ: ಗೋಡೆ ಬಡಿದದ್ದು ಯಾರು?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿದೆ. ಪಿಯುಸಿ ಓದುವ ಮೊಮ್ಮಗಳ ಜೊತೆ ರಾತ್ರಿ ಕೂತು 'ದಿ ಹಾಂಟಿಂಗ್' ನೋಡಿದಿರಂತೆ, 1963ರ ಕಪ್ಪು ಬಿಳುಪು ಸಿನಿಮಾ. ಮುಗಿದ ಮೇಲೆ ಅವಳು "ತಾತ, ದೆವ್ವ ಬರ್ಲೇ ಇಲ್ವಲ್ಲ" ಅಂದಳಂತೆ. ಆದರೆ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ಅಜ್ಜಿಯ ಪಕ್ಕ ಲೈಟ್ ಹಾಕಿಕೊಂಡೇ ಮಲಗಿದಳು. ನೀವೂ ಮಧ್ಯರಾತ್ರಿ ಎದ್ದು ಹಿತ್ತಲ ಬಾಗಿಲಿನ ಚಿಲಕ ನೋಡಿ ಬಂದಿರಿ. ದೆವ್ವವೇ ಇಲ್ಲದ ಸಿನಿಮಾಕ್ಕೆ ಹೆದರಿದ್ದು ಯಾಕೆ, ಈಗಿನವು ಅಷ್ಟು ಕಿರುಚಿದರೂ ಭಯ ಆಗದಿರುವುದು ಯಾಕೆ, ನಿಮಗೆ ಇಷ್ಟವಾದ ಹಳೆಯವು ಯಾವುವು ಅಂತ ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರ ಹಾಕಿ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ಒಂದು ತಕರಾರು. ಹಳೆಯ ಸಿನಿಮಾಗಳು ಗಲಾಟೆ ಮಾಡುವುದಿಲ್ಲ, ಅದಕ್ಕೇ ಭಯ ಅನ್ನುತ್ತೀರಿ. 'ದಿ ಹಾಂಟಿಂಗ್' ಜೋರು ಸದ್ದಿನ ಸಿನಿಮಾ, ಮೇಷ್ಟ್ರೇ. ಆ ಗೋಡೆ ಬಡಿತ ಇನ್ನೊಮ್ಮೆ ನೆನಪಿಸಿಕೊಳ್ಳಿ. ಫಿರಂಗಿ ಹೊಡೆದ ಹಾಗೆ ಒಂದೊಂದೇ ಏಟು ಕಾರಿಡಾರಿನ ಆ ತುದಿಯಿಂದ ಹತ್ತಿರ ಬರುತ್ತದೆ. ಹಾಗಾಗಿ ಸದ್ದು ಜಾಸ್ತಿಯೋ ಕಮ್ಮಿಯೋ ಅನ್ನುವುದು ವಿಷಯವೇ ಅಲ್ಲ. ಆ ಸದ್ದು ಯಾರನ್ನು ಕರೆಯುತ್ತಿದೆ ಅನ್ನುವುದು ವಿಷಯ.

ಸಿನಿಮಾದ ನಾಯಕಿ ಎಲಿನಾರ್ ವರ್ಷಗಟ್ಟಲೆ ಹಾಸಿಗೆ ಹಿಡಿದ ಅಮ್ಮನ ಸೇವೆ ಮಾಡಿದವಳು. ಅಮ್ಮನಿಗೆ ಏನಾದರೂ ಬೇಕಾದರೆ ಗೋಡೆ ಬಡಿಯುತ್ತಿದ್ದಳು. ಸತ್ತ ರಾತ್ರಿಯೂ ಬಡಿದಿದ್ದಳು. ಎಲಿನಾರ್ ಎದ್ದು ಹೋಗಲಿಲ್ಲ. ಈಗ ಆ ಭೂತದ ಮನೆಯಲ್ಲಿ ಸದ್ದು ಶುರುವಾದಾಗ ಅವಳಿಗಿನ್ನೂ ಅರೆನಿದ್ದೆ. ಬಾಯಿಂದ ಮೊದಲು ಬರುವ ಮಾತು ಯಾವುದು ಗಮನಿಸಿದಿರಾ? "ಬಂದೆ ಅಮ್ಮಾ, ಬಂದೆ" ಅನ್ನುತ್ತಾಳೆ. ಆಮೇಲೆ ಕಣ್ಣು ಬಿಟ್ಟರೆ ಇದು ಅವಳ ಮನೆಯಲ್ಲ, ಅಮ್ಮ ಬದುಕಿಲ್ಲ. ಬಡಿತ ಮಾತ್ರ ನಿಂತಿಲ್ಲ. ನನಗೆ ಮೈ ಜುಂ ಅಂದದ್ದು ಅಲ್ಲಿ. ಆ ಮನೆಗೆ ಇವಳ ಒಳಗುಟ್ಟು ಗೊತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮಮ್ಮ ಕೊನೆಯ ಎರಡು ವರ್ಷ ಮಂಚ ಬಿಟ್ಟು ಏಳಲಿಲ್ಲ. ದನಿ ಕೂಡ ಸೋತುಹೋಗಿತ್ತು. ಮಂಚದ ಕಬ್ಬಿಣದ ಕಂಬಿಗೆ ಸ್ಟೀಲ್ ಲೋಟ ಬಡಿದು ಕರೆಯುತ್ತಿದ್ದರು. ಟಿಣ್, ಟಿಣ್, ಆಮೇಲೆ ಸ್ವಲ್ಪ ಬಿಟ್ಟು ಇನ್ನೊಂದು ಟಿಣ್. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಜೋಡಿಸುವಾಗ ಅದೇ ಸದ್ದು ಬಂತು. ನಾನು ಅರ್ಧ ಎದ್ದು ನಿಂತಿದ್ದೆ. ಈ ಸಿನಿಮಾ ಎರಡನೇ ಸಲ ನೋಡಿದ್ದು ಆಮೇಲೆ. ಮೊದಲ ಸಲ ಕಂಡ ಸಿನಿಮಾ ಅದಾಗಿರಲಿಲ್ಲ.

ನಿರ್ದೇಶಕ ರಾಬರ್ಟ್ ವೈಸ್ ಎಷ್ಟು ಸರಳವಾದ ಸಾಮಾನಿನಿಂದ ಇದನ್ನು ಕಟ್ಟಿದರು ನೋಡಿ. ಉಸಿರಾಡುವ ಹಾಗೆ ಉಬ್ಬುವ ಆ ಬಾಗಿಲು ಇದೆಯಲ್ಲ, ಅದು ತೆಳು ಮರದ ಪದರ ಅಂಟಿಸಿ ಮಾಡಿದ್ದು. ಹಿಂದೆ ಒಬ್ಬ ಗಟ್ಟಿ ಆಳು ನಿಂತು ಮರದ ತುಂಡಿನಿಂದ ತಳ್ಳಿದ, ಅಷ್ಟೇ. ಇನ್ನೂ ಪೂರ್ತಿ ತಯಾರಾಗದ, ಗೆರೆಗಳನ್ನು ಸೊಟ್ಟ ಮಾಡುವ ಒಂದು ಅಗಲದ ಲೆನ್ಸನ್ನು ಕೇಳಿ ಪಡೆದುಕೊಂಡರು. ಗೋಡೆಗಳು ಸ್ವಲ್ಪ ಬಾಗಿದಂತೆ ಕಾಣುವುದು ಅದರಿಂದಲೇ. ಕತ್ತಲಲ್ಲಿ ಪಕ್ಕದವಳ ಕೈ ಅಂತ ಹಿಡಿದುಕೊಂಡು, ಲೈಟ್ ಹಾಕಿದರೆ ಅವಳು ಆ ಕಡೆ ಮಂಚದಲ್ಲಿ ಮಲಗಿರುವ ದೃಶ್ಯಕ್ಕಂತೂ ಯಾವ ಸಾಮಾನೂ ಬೇಕಾಗಲಿಲ್ಲ. ಎಲಿನಾರ್ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ನಾವೂ ನಮ್ಮದನ್ನು ನೋಡಿಕೊಳ್ಳುತ್ತೇವೆ.

ಇದೇ ವೈಸ್ ಎರಡು ವರ್ಷದ ಬಳಿಕ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದರು ಅಂದರೆ ಮೊಮ್ಮಗಳು ನಂಬುತ್ತಾಳೋ ಇಲ್ಲವೋ!

ಅವರು ಭಯದ ಪಾಠ ಕಲಿತದ್ದು ವಾಲ್ ಲ್ಯೂಟನ್ ಎಂಬ ನಿರ್ಮಾಪಕರ ಕೈಕೆಳಗೆ. 1940ರ ದಶಕದಲ್ಲಿ ಆರ್‌ಕೆಒ ಸ್ಟುಡಿಯೋ ಲ್ಯೂಟನ್‌ಗೆ ಕಮ್ಮಿ ದುಡ್ಡಿನ ದೆವ್ವದ ಸಿನಿಮಾ ಮಾಡುವ ಕೆಲಸ ಕೊಟ್ಟಿತ್ತು. 1942ರಲ್ಲಿ ಬಂದ 'ಕ್ಯಾಟ್ ಪೀಪಲ್' ಅವರದ್ದು, ನಿರ್ದೇಶನ ಜಾಕ್ ಟೂರ್ನರ್. ಐರೀನಾ ಎಂಬ ಹೆಣ್ಣಿಗೆ, ಗಂಡನನ್ನು ಮುಟ್ಟಿದರೆ ತಾನು ಚಿರತೆಯಾಗಿಬಿಡುತ್ತೇನೆ ಅನ್ನುವ ದಿಗಿಲು. ಗಂಡ ಅದನ್ನು ನಂಬುವುದಿಲ್ಲ. ಅವನ ಒಲವು ಆಫೀಸಿನ ಆಲಿಸ್ ಕಡೆ ತಿರುಗುತ್ತದೆ. ಒಂದು ರಾತ್ರಿ ಪಾರ್ಕಿನ ಕಲ್ಲುಗೋಡೆ ಪಕ್ಕ ಆಲಿಸ್ ಒಬ್ಬಳೇ ನಡೆಯುತ್ತಾಳೆ. ಹಿಂದೆ ಐರೀನಾಳ ಹೀಲ್ಸ್ ಸದ್ದು. ಟಕ್ ಟಕ್ ಟಕ್. ಒಂದು ಕಡೆ ಆ ಸದ್ದು ಸುಮ್ನೆ ನಿಂತುಬಿಡುತ್ತದೆ. ಎರಡು ಕಾಲಿನದು ನಿಂತಿತು ಅಂದರೆ ಈಗ ಬರುತ್ತಿರುವುದು ಏನು? ಅದನ್ನು ಯಾರೂ ಹೇಳುವುದಿಲ್ಲ. ಆಲಿಸ್ ಓಡುತ್ತಾಳೆ. ಅಷ್ಟರಲ್ಲಿ ಬುಸ್ಸೆಂದು ಏನೋ ಮೇಲೆರಗುತ್ತದೆ. ನೋಡಿದರೆ ಬಸ್ಸು, ಬ್ರೇಕ್ ಹಾಕಿದ ಸದ್ದು. ಹೀಗೆ ಬೆಚ್ಚಿಬೀಳಿಸುವ ತಂತ್ರಕ್ಕೆ ಸಿನಿಮಾದವರು ಇವತ್ತಿಗೂ 'ಲ್ಯೂಟನ್ ಬಸ್ಸು' ಅಂತಲೇ ಕರೆಯುತ್ತಾರೆ. ಈಗಿನವರು ಬಸ್ಸನ್ನು ಮಾತ್ರ ತೆಗೆದುಕೊಂಡರು, ಅದಕ್ಕೂ ಮುಂಚಿನ ಆ ನಡಿಗೆಯನ್ನು ಬಿಟ್ಟರು. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ.

'ಸೈಕೋ' ಬಗ್ಗೆ ಎಲ್ಲರೂ ಹೇಳುವುದು ಸ್ನಾನದ ದೃಶ್ಯವನ್ನೇ. 1960ರ ಹಿಚ್‌ಕಾಕ್ ಸಿನಿಮಾ. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಕಟ್ಟಿದ ಆ ಚೀತ್ಕಾರ, ರಕ್ತದ ಬದಲು ಚಾಕೊಲೇಟ್ ಸಿರಪ್, ಎಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಹೆದರಿಸಿದ್ದು ಅದರ ನಂತರದ್ದು. ಮೋಟೆಲ್ ನಡೆಸುವ ನಾರ್ಮನ್, ಸ್ನಾನ ಮಾಡುತ್ತಲೇ ಕೊಲೆಯಾದ ಆ ಹುಡುಗಿಯ ಹೆಣ ಇರುವ ಕಾರನ್ನು ಕೆಸರುಹೊಂಡಕ್ಕೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ಅರ್ಧಕ್ಕೆ ನಿಲ್ಲುತ್ತದೆ. ಅವನು ಏನೋ ಮೆಲ್ಲುತ್ತಿದ್ದವನು ನಿಲ್ಲಿಸುತ್ತಾನೆ. ಆ ಗಳಿಗೆಯಲ್ಲಿ "ಮುಳುಗಪ್ಪಾ" ಅಂತ ನನ್ನ ಮನಸ್ಸು ಅಂದಿತು. ಸತ್ತವಳನ್ನು ಮರೆತು ಯಾರ ಪರ ನಿಂತಿದ್ದೆ ನಾನು? ಆ ರಾತ್ರಿ ನಿದ್ದೆ ಕೆಟ್ಟದ್ದು ಇದಕ್ಕೆ.

ನಮ್ಮದೂ ಒಂದು ಹೇಳದೆ ಬಿಡಲಾರೆ. 1979ರ 'ನಾ ನಿನ್ನ ಬಿಡಲಾರೆ', ಅನಂತನಾಗ್ ಮತ್ತು ಲಕ್ಷ್ಮಿ ಇದ್ದದ್ದು. ತಂತ್ರ ಈಗ ಹಳತಾಗಿದೆ, ಒಪ್ಪುತ್ತೇನೆ. ಆದರೆ ಆ ಹೆಸರು ನೋಡಿ. ಪ್ರೀತಿಸಿದವರು ಹೇಳುವ ಮಾತು ಅದು, ಅಲ್ವಾ? ಅದೇ ಮಾತನ್ನು ಸಿನಿಮಾದಲ್ಲಿ ಕಾಮಿನಿ ಎಂಬ ಹೆಣ್ಣಿನ ದೆವ್ವ ಹೇಳಿದರೆ ಓಡಿಹೋಗಲು ಜಾಗವೇ ಇಲ್ಲ. ಪೋಸ್ಟರಿನ ಮೇಲಿನ ಮೂರೇ ಪದದಲ್ಲಿ ಅರ್ಧ ಭಯ ಮುಗಿದಿತ್ತು.

ಮೊಮ್ಮಗಳಿಗೆ ಮುಂದೆ ಏನು ತೋರಿಸಲಿ ಅಂತಲೂ ಕೇಳಿದ್ದೀರಿ. 'ಸೈಕೋ' ಸ್ವಲ್ಪ ತಡವಾಗಲಿ. ಮೊದಲು 'ಕ್ಯಾಟ್ ಪೀಪಲ್' ಹಾಕಿ, ಒಂದೂಕಾಲು ಗಂಟೆಯೂ ಇಲ್ಲ. ಈ ಪತ್ರವನ್ನು ಅವಳಿಗೆ ಓದಿಸಬೇಡಿ, ಬಸ್ಸು ಬರುವುದು ಗೊತ್ತಾಗಿಬಿಡುತ್ತದೆ. ಫೋನು ಪಕ್ಕಕ್ಕಿಡಿ, ಫ್ಯಾನ್ ಆಫ್ ಮಾಡಿ. ಹೀಲ್ಸ್ ಸದ್ದು ನಿಂತಾಗ ಪರದೆ ಬಿಟ್ಟು ಅವಳ ಮುಖ ನೋಡಿ. ಆಮೇಲೆ ಏನಂದಳು ಅಂತ ತಪ್ಪದೆ ಬರೆಯಿರಿ.

ನಿಮ್ಮ
ಸಂಪಾದಕ